ಬೆಂಗಳೂರಿನಿಂದ ಸ್ಯಾನ್‌ಫ್ರಾನ್ಸಿಸ್ಕೊಗೆ: ಹಿರಿಯರೊಡನೆ ದೀರ್ಘ ವಿಮಾನ ಪ್ರಯಾಣ

ಮಗಳ ಬಾಣಂತನಕ್ಕೋ, ಮೊಮ್ಮಗುವಿನ ನಾಮಕರಣಕ್ಕೋ ಅಮೆರಿಕಕ್ಕೆ ಹೊರಡುವ ಹಿರಿಯರ ಮನೆಗಳಲ್ಲಿ ಸಿದ್ಧತೆ ಬಹಳ ಮೊದಲೇ ಆರಂಭವಾಗುತ್ತದೆ. ಆದರೆ ಅದರ ಬಹುಪಾಲು ಸೂಟ್‌ಕೇಸಿನ ತೂಕ, ಚಟ್ನಿಪುಡಿ, ಹಪ್ಪಳ ಸಂಡಿಗೆಗಳ ಸುತ್ತಲೇ ಮುಗಿದುಹೋಗುತ್ತದೆ. 16 ಗಂಟೆ ಒಂದೇ ಆಸನದಲ್ಲಿ ಕೂರಬೇಕಾದ ದೇಹದ ಬಗ್ಗೆ ಮಾತು ಬರುವುದೇ ಅಪರೂಪ. ಕಳೆದ ಬೇಸಿಗೆಯಲ್ಲಿ ನಾನು ಎಪ್ಪತ್ತು ದಾಟಿದ ಅಮ್ಮನನ್ನು ಕರೆದುಕೊಂಡು ದುಬೈ ಮೂಲಕ ಸ್ಯಾನ್‌ಫ್ರಾನ್ಸಿಸ್ಕೊಗೆ ಹೋಗಿದ್ದೆ. ಬೆಂಗಳೂರಿನಿಂದ ದುಬೈಗೆ ಸುಮಾರು 4 ಗಂಟೆ, ಅಲ್ಲಿಂದ ಮುಂದೆ ಸುಮಾರು 16 ಗಂಟೆ. ಹಿರಿಯರೊಡನೆ ಇಂಥದೇ ಪ್ರಯಾಣಕ್ಕೆ ಹೊರಟಿರುವವರಿಗೆ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಆಸನ. ಊಟ, ನೀರು, ನಿದ್ದೆ, ಕಾಲುಗಳ ಆರೋಗ್ಯ, ಎಲ್ಲವೂ ಅದರ ಮೇಲೆಯೇ ನಿಂತಿವೆ ಎಂಬುದು ನನಗೆ ಈ ಪ್ರಯಾಣದಲ್ಲಿ ಮನದಟ್ಟಾಯಿತು. ನಮ್ಮ ಹಿರಿಯರಲ್ಲಿ ಅನೇಕರು ವಿಮಾನದಲ್ಲಿ ನೀರು ಕುಡಿಯುವುದಿಲ್ಲ. ಬಾಯಾರಿಕೆ ಇಲ್ಲವೆಂದಲ್ಲ, ಶೌಚಾಲಯಕ್ಕೆ ಹೋಗಬೇಕಾದರೆ ಪಕ್ಕದಲ್ಲಿ ಮಲಗಿರುವ ಅಪರಿಚಿತರನ್ನು ಎಬ್ಬಿಸಬೇಕಲ್ಲ ಎಂಬ ಸಂಕೋಚ. ಮೊದಲ ವಿಮಾನದಲ್ಲಿ ಅಮ್ಮನೂ "ಪದೇ ಪದೇ ಏಳಬೇಕಾಗತ್ತೆ, ನೀರು ಬೇಡ ಕಣೇ" ಎಂದೇ ಹೇಳಿದರು. ಕಿಟಕಿಯ ಪಕ್ಕ ಕೂತ ಹಿರಿಯರು ಈ ಸಂಕೋಚದಿಂದಲೇ ಗಂಟೆಗಟ್ಟಲೆ ನೀರೂ ಕುಡಿಯದೆ, ಎದ್ದೂ ಓಡಾಡದೆ ಉಳಿದುಬಿಡುತ್ತಾರೆ.

ಆದ್ದರಿಂದ ಓಡಾಡುವ ದಾರಿಗೆ ತಾಗಿದ ಐಲ್ ಸೀಟೇ ಹಿರಿಯರಿಗೆ ಇರಲಿ. ಅದರಲ್ಲೂ ಒಂದು ಆಯ್ಕೆಯಿದೆ. ಬೋಯಿಂಗ್ 777 ವಿಮಾನಗಳಲ್ಲಿ ಸಾಮಾನ್ಯ ದರ್ಜೆಯ ಆಸನಗಳು ಬಹುತೇಕ ಮೂರು, ನಾಲ್ಕು, ಮೂರರ ಸಾಲಿನಲ್ಲಿರುತ್ತವೆ. ಕಿಟಕಿಯ ಕಡೆಯ ಮೂರರ ಸಾಲಿನಲ್ಲಿ ಅಂಚಿಗೆ ಕೂತವರನ್ನು ಒಳಗಿನ ಇಬ್ಬರೂ ಆಗಾಗ ಎಬ್ಬಿಸಬೇಕಾಗುತ್ತದೆ. ನಡುವಿನ ನಾಲ್ಕರ ಸಾಲಿನಲ್ಲಿ ಹಿರಿಯರು ಅಂಚಿನಲ್ಲಿ, ಜೊತೆಗಿರುವವರು ಅವರ ಪಕ್ಕದಲ್ಲಿ ಕೂತರೆ, ಉಳಿದಿಬ್ಬರು ಇನ್ನೊಂದು ಬದಿಯಿಂದ ಎದ್ದುಹೋಗುತ್ತಾರೆ; ಹಿರಿಯರ ನಿದ್ದೆ ಕೆಡಿಸುವವರು ಮನೆಯವರು ಮಾತ್ರ. ಆಸನಕ್ಕೆ ಪ್ರತ್ಯೇಕ ಶುಲ್ಕ ಕೇಳಿದರೂ ಕೊಡುವುದು ಒಳ್ಳೆಯದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಶೌಚಾಲಯದಿಂದ ನಾಲ್ಕೈದು ಸಾಲು ದೂರವಿರಲಿ. ಅದಕ್ಕೆ ತೀರಾ ತಾಗಿದ ಸಾಲಿನಲ್ಲಿ ಬೆಳಕು, ಬಾಗಿಲಿನ ಸದ್ದು, ನಿಂತವರ ಮಾತು ಯಾವುದೂ ನಿಲ್ಲುವುದಿಲ್ಲ. ಗೋಡೆಯೆದುರಿನ ಮೊದಲ ಸಾಲಿನಲ್ಲಿ ಕಾಲು ಚಾಚಲು ಜಾಗವಿರುವುದು ನಿಜ. ಆದರೆ ಕೂಸುಗಳ ತೊಟ್ಟಿಲನ್ನು ಅಳವಡಿಸುವುದೂ ಅಲ್ಲಿಯೇ, ಜೊತೆಗೆ ಕೈಚೀಲವನ್ನು ಕಾಲ ಬಳಿ ಇಟ್ಟುಕೊಳ್ಳಲು ಆಗುವುದಿಲ್ಲ.

ಗಾಲಿಕುರ್ಚಿಯ ನೆರವನ್ನು ಟಿಕೆಟ್ ಕಾಯ್ದಿರಿಸುವಾಗಲೇ ಕೇಳಿಕೊಳ್ಳಬೇಕು. ತಡವೆಂದರೂ ಹೊರಡುವ 48 ಗಂಟೆ ಮೊದಲಾದರೂ ತಿಳಿಸಿರಬೇಕು. ನಡೆಯಬಲ್ಲವರು ಇದನ್ನು ಅವಮಾನವೆಂದು ಭಾವಿಸುವುದುಂಟು. ಆದರೆ ಅಂತರರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಹೊರಡುತ್ತಿರುವ ಕೆಂಪೇಗೌಡ ನಿಲ್ದಾಣದ ಎರಡನೇ ಟರ್ಮಿನಲ್ಲಿನಲ್ಲೂ, ದುಬೈಯಲ್ಲೂ ಗೇಟುಗಳ ನಡುವಿನ ದೂರ ಸಣ್ಣದಲ್ಲ. ಮಂಡಿನೋವಿದ್ದವರು ಅಲ್ಲಿಯೇ ದಣಿದರೆ ಮುಂದಿನ 16 ಗಂಟೆಗಳು ಇನ್ನಷ್ಟು ಕಷ್ಟವಾಗುತ್ತವೆ. ಗೇಟು ತಲುಪಿದ ಮೇಲೆ ಮಾತ್ರ ಕುರ್ಚಿಯಿಂದೆದ್ದು ಹತ್ತು ನಿಮಿಷ ಓಡಾಡಬೇಕು.

ಇನ್ನು ಕಾಲುಗಳ ವಿಚಾರ. ನಡೆಯುವಾಗ ಮೀನಖಂಡದ ಸ್ನಾಯುಗಳು ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತವೆ. ಅಲುಗಾಡದೆ ಕೂತಾಗ ಆ ಕೆಲಸ ನಿಂತು ಪಾದ ಊದಿಕೊಳ್ಳುತ್ತದೆ, ಕೆಲವರಲ್ಲಿ ಆಳದ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 4 ಗಂಟೆಗಿಂತ ದೀರ್ಘವಾದ ಪ್ರಯಾಣದ ನಂತರ ಈ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ಹಾಗಿದ್ದರೂ ಅದು ಸುಮಾರು 6,000 ಜನರಲ್ಲಿ ಒಬ್ಬರಿಗೆ ಮಾತ್ರ. ಹೆದರಬೇಕಾದ ಪ್ರಮಾಣವಲ್ಲ, ಆದರೆ ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು, ಕ್ಯಾನ್ಸರ್ ಇರುವವರು, ಹಿಂದೆ ಒಮ್ಮೆ ಹೆಪ್ಪುಗಟ್ಟಿದ್ದವರು ವೈದ್ಯರನ್ನು ಕಾಣದೆ ಹೊರಡಬಾರದು. ಉಳಿದವರು ಎಚ್ಚರವಿರುವಾಗ ಗಂಟೆಗೊಮ್ಮೆ ಹಿಮ್ಮಡಿ ಊರಿ ಬೆರಳುಗಳನ್ನು ಎತ್ತುವುದು, ಬೆರಳೂರಿ ಹಿಮ್ಮಡಿ ಎತ್ತುವುದು, ಪಾದವನ್ನು ಸುತ್ತಿಸುವುದು, ಎರಡು ಮೂರು ಗಂಟೆಗೊಮ್ಮೆ ಎದ್ದು ಹಿಂಬದಿಯ ಅಡುಗೆ ಜಾಗದವರೆಗೆ ನಡೆದು ಬರುವುದು, ಇಷ್ಟನ್ನು ತಪ್ಪಿಸದಿದ್ದರೆ ಸಾಕು. ಅಮ್ಮನಿಗೆ ವೈದ್ಯರು ಕಂಪ್ರೆಷನ್ ಸ್ಟಾಕಿಂಗ್ಸ್, ಅಂದರೆ ಕಾಲನ್ನು ಬಿಗಿಯಾಗಿ ಒತ್ತಿಹಿಡಿಯುವ ಉದ್ದನೆಯ ಕಾಲುಚೀಲ, ಹೇಳಿದ್ದರು. ಅವುಗಳಿಗೆ ಕಣಕಾಲು ಮತ್ತು ಮೀನಖಂಡದ ಅಳತೆಯನ್ನು ಬೆಳಗಿನ ಹೊತ್ತು, ಕಾಲು ಊದುವ ಮೊದಲು ತೆಗೆಸಬೇಕು. ಕಾಲಿಗೆ ರಕ್ತ ಪೂರೈಸುವ ನಾಳಗಳಲ್ಲಿ ತೊಂದರೆಯಿರುವವರು ಅವನ್ನು ತಾವಾಗಿ ಕೊಂಡು ಧರಿಸಬಾರದು.

ವಿಮಾನದೊಳಗಿನ ಗಾಳಿಯಲ್ಲಿ ತೇವಾಂಶ ಸಾಮಾನ್ಯವಾಗಿ ಶೇ 20ಕ್ಕಿಂತ ಕಡಿಮೆ. ಮೂಗು ಒಣಗುವುದು, ಕಣ್ಣು ಉರಿಯುವುದು ಇದರಿಂದಲೇ. ಭದ್ರತಾ ತಪಾಸಣೆಯ ನಂತರ ತುಂಬಿಸಿಕೊಳ್ಳಲು ಖಾಲಿ ಬಾಟಲಿ ಒಯ್ಯಿರಿ. ದುಬೈಯಲ್ಲಿ ವಿಮಾನ ಬದಲಿಸುವಾಗ ಮತ್ತೆ ತಪಾಸಣೆಯಿರುವುದರಿಂದ ಅಲ್ಲಿಯೂ ಬರಿದು ಮಾಡಿ ತುಂಬಿಸಿಕೊಳ್ಳಬೇಕು. ಒಮ್ಮೆಗೇ ಲೋಟಗಟ್ಟಲೆ ಕುಡಿಸುವ ಬದಲು ಸ್ವಲ್ಪ ಸ್ವಲ್ಪವೇ ಕೊಡುತ್ತಿರಿ. ಹೃದಯ ಅಥವಾ ಮೂತ್ರಪಿಂಡದ ಕಾರಣಕ್ಕೆ ವೈದ್ಯರು ನೀರಿಗೆ ಮಿತಿ ಹೇಳಿದ್ದರೆ ಆ ಮಿತಿಯೇ ಇಲ್ಲಿಯೂ ನಿಯಮ. ಶೌಚಾಲಯದ ಚಿಲಕ ಹಾಕಿದ ಮೇಲೆಯೇ ಪೂರ್ತಿ ದೀಪ ಹೊತ್ತುತ್ತದೆ, ಫ್ಲಶ್ ಬಹಳ ಜೋರಾಗಿ ಸದ್ದು ಮಾಡುತ್ತದೆ ಎಂಬುದನ್ನು ಮೊದಲ ಸಲ ಹಾರುವ ಹಿರಿಯರಿಗೆ ಮನೆಯಲ್ಲೇ ಹೇಳಿರಿ. ಇಷ್ಟು ತಿಳಿದಿದ್ದರೆ ಅವರ ಅರ್ಧ ಅಂಜಿಕೆ ಅಲ್ಲಿಯೇ ಹೋಗುತ್ತದೆ.

ಸಸ್ಯಾಹಾರ, ಜೈನ ಆಹಾರ, ಸಕ್ಕರೆ ಕಾಯಿಲೆಯವರ ಆಹಾರ ಬೇಕಾದವರು ಕನಿಷ್ಠ 24 ಗಂಟೆ ಮೊದಲು ತಿಳಿಸಬೇಕು. ಹೀಗೆ ಕೇಳಿದವರಿಗೆ ಊಟ ಬಹುತೇಕ ಎಲ್ಲರಿಗಿಂತ ಮೊದಲೇ ಬರುತ್ತದೆ. ಹಾರುವ ವಿಮಾನದೊಳಗಿನ ಒತ್ತಡ ಸುಮಾರು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟಿರುತ್ತದೆ, ಹೊಟ್ಟೆಯೊಳಗಿನ ವಾಯು ಆಗ ಹಿಗ್ಗುತ್ತದೆ. ಅವರೆಕಾಯಿ ಕಾಲದಲ್ಲಿ ಹೊರಡುವವರು ಹಿಂದಿನ ದಿನ ಹಿತಕಿದ ಬೇಳೆ ಸಾರಿನ ಆಸೆಯನ್ನು ಬಿಡುವುದೇ ಲೇಸು. ಹುರುಳಿ, ಹೂಕೋಸು, ಸೋಡಾಗಳೂ ಬೇಡ. ನಾವು ಮೆಂತ್ಯದ ಚಪಾತಿ, ಒಣ ಚಟ್ನಿಪುಡಿ ಮತ್ತು ಕೋಡುಬಳೆ ಒಯ್ದಿದ್ದೆವು. ಉಪ್ಪಿನಕಾಯಿ ದ್ರವದ ಲೆಕ್ಕಕ್ಕೆ ಸೇರುವುದರಿಂದ ಕೈಚೀಲದಲ್ಲಿ ಬೇಡ. ಉಳಿದ ಹಣ್ಣುಗಳನ್ನು ಇಳಿಯುವ ಮೊದಲೇ ತಿಂದು ಮುಗಿಸಿ, ಅಮೆರಿಕದ ಕಸ್ಟಮ್ಸ್ ತಾಜಾ ಹಣ್ಣುಗಳನ್ನು ಬಿಡುವುದಿಲ್ಲ. ಮಾತ್ರೆಗಳೆಲ್ಲ ಚೀಟಿಯೊಂದಿಗೆ ಕೈಚೀಲದಲ್ಲೇ ಇರಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ವೇಳೆ ಬದಲಾಗುವ ಬಗ್ಗೆ ವೈದ್ಯರಿಂದ ಮುಂಚಿತವಾಗಿಯೇ ಬರೆಸಿಕೊಳ್ಳಬೇಕು.

ನಿದ್ದೆಯನ್ನು ಇಳಿಯುವ ಊರಿನ ಗಡಿಯಾರಕ್ಕೆ ಹೊಂದಿಸಬೇಕು. ಬೇಸಿಗೆಯಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ನಮಗಿಂತ ಹನ್ನೆರಡೂವರೆ ಗಂಟೆ ಹಿಂದಿದೆ. ನಮ್ಮ ವಿಮಾನ ದುಬೈ ಬಿಟ್ಟದ್ದು ಬೆಳಿಗ್ಗೆ ಒಂಬತ್ತರ ಸುಮಾರಿಗೆ. ಆಗ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಹಿಂದಿನ ದಿನದ ರಾತ್ರಿ ಹತ್ತು. ಅಂದರೆ ಪ್ರಯಾಣದ ಮೊದಲ ಏಳೆಂಟು ಗಂಟೆಗಳೇ ಅಲ್ಲಿನ ರಾತ್ರಿ. ಹೊರಗೆ ಬೆಳಕಿದ್ದರೂ, ಎದುರಿನ ತೆರೆಯಲ್ಲಿ ಸಿನಿಮಾ ಕರೆಯುತ್ತಿದ್ದರೂ ಮೊದಲ ಊಟ ಮುಗಿಯುತ್ತಲೇ ಕಣ್ಣುಪಟ್ಟಿ ಕಟ್ಟಿ ಮಲಗಬೇಕು, ಉತ್ತರಾರ್ಧದಲ್ಲಿ ಎದ್ದಿರಬೇಕು. ಸೀಟ್ ಬೆಲ್ಟನ್ನು ಹೊದಿಕೆಯ ಮೇಲೆ ಕಾಣುವಂತೆ ಹಾಕಿಕೊಂಡರೆ ಸಿಬ್ಬಂದಿ ಎಬ್ಬಿಸುವುದಿಲ್ಲ. ನಿದ್ದೆಮಾತ್ರೆ ಬೇಡ, ಅದು ಕಾಲು ಅಲುಗಾಡದಂತೆ ಮಾಡುತ್ತದೆ. ಶಾಲನ್ನು ಸುರುಳಿ ಸುತ್ತಿ ಸೊಂಟದ ಹಿಂದೆ ಇಟ್ಟದ್ದು ಅಮ್ಮನಿಗೆ ಕತ್ತಿನ ದಿಂಬಿಗಿಂತಲೂ ಹೆಚ್ಚು ಆರಾಮ ಕೊಟ್ಟಿತು.

ವಿಮಾನ ಕೆಳಗಿಳಿಯಲು ಆರಂಭಿಸುವ ಮೊದಲೇ ಮಲಗಿದವರನ್ನು ಎಬ್ಬಿಸಿ, ಏಕೆಂದರೆ ನಿದ್ದೆಯಲ್ಲಿ ಉಗುಳು ನುಂಗುವುದು ಕಡಿಮೆಯಾಗಿ ಕಿವಿ ಕಟ್ಟಿಕೊಳ್ಳುತ್ತದೆ. ಬಾಯಲ್ಲಿ ಒಂದು ಹರಳು ಕಲ್ಲುಸಕ್ಕರೆಯಿದ್ದರೆ ನೋವು ಬಾರದು. ಮನೆ ಮುಟ್ಟಿದ ಮೇಲೆ ಸಂಜೆಯವರೆಗೆ ಬೆಳಕಿನಲ್ಲಿ ಕೂರಿಸಿ ಮಾತನಾಡಿಸಿ. ದೇಹದ ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆಯಷ್ಟೇ ಸರಿಯುವುದರಿಂದ ಒಂದು ವಾರಕ್ಕೂ ಹೆಚ್ಚು ಕಾಲ ನಡುರಾತ್ರಿ ಎಚ್ಚರವಾಗುವುದು ಸಹಜ. ಎರಡೂ ಪಾದಗಳ ಊತ ಒಂದೆರಡು ದಿನದಲ್ಲಿ ಇಳಿಯುತ್ತದೆ. ಆದರೆ ಒಂದೇ ಕಾಲು ಊದಿ, ಮೀನಖಂಡದಲ್ಲಿ ನೋವು ಅಥವಾ ಬಿಸಿ ಕಂಡರೆ, ಇಲ್ಲವೇ ಎದೆನೋವು, ಉಸಿರಾಟದ ತೊಂದರೆ ಬಂದರೆ, ಪ್ರಯಾಣ ಮುಗಿದು ಕೆಲವು ವಾರಗಳಾಗಿದ್ದರೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ದು, ದೀರ್ಘ ವಿಮಾನ ಪ್ರಯಾಣ ಮಾಡಿದ್ದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಅಲ್ಲಿನ ಚಿಕಿತ್ಸೆಯ ವೆಚ್ಚ ಬಹಳ ಹೆಚ್ಚಿರುವುದರಿಂದ, ಹಿರಿಯರ ಈಗಿರುವ ಕಾಯಿಲೆಗಳನ್ನು ಮುಚ್ಚಿಡದೆ ನಮೂದಿಸಿ ಮಾಡಿಸಿದ ಪ್ರಯಾಣ ವಿಮೆಯ ಪ್ರತಿ ಅವರ ಪಾಸ್‌ಪೋರ್ಟಿನ ಜೊತೆಗೇ ಇರಲಿ.