ಕೊನೆಯ ದೋಣಿಯ ಮೇಷ್ಟ್ರು

ವಾರ್ಷಿಕೋತ್ಸವದ ದಿನ ವೇದಿಕೆಗೆ ಕರೆದರೆ ಮೆಲ್ಲನೆ ಎದ್ದು ಊಟದ ಚಪ್ಪರದ ಕಡೆ ಹೋಗಿ, ಬಡಿಸುವವರ ನಡುವೆ ನಿಂತುಬಿಡುತ್ತಿದ್ದವರ ಹೆಸರನ್ನು ಸಂಚಿಕೆಯಲ್ಲಿ ದೊಡ್ಡದಾಗಿ ಅಚ್ಚು ಹಾಕಿಸುವುದಕ್ಕೆ ನನಗೂ ಮನಸ್ಸಿಲ್ಲ, ಅವರ ಮನೆಯವರಿಗೂ ಇಷ್ಟವಿಲ್ಲ. ಹಾಸನದ ನಮ್ಮ ಶಾಲೆಯಲ್ಲಿ ಓದಿದವರಿಗೆ ‘ದೋಣಿ ಮೇಷ್ಟ್ರು’ ಎಂದರೆ ಸಾಕು. ಅವರು ಕಲಿಸುತ್ತಿದ್ದುದು ಭೂಗೋಳ. ನಮಗೆ ಉಳಿದಿರುವುದು ಮಳೆಗಾಲ ಕಳೆದ ಮೇಲಿನ ಶನಿವಾರಗಳಲ್ಲಿ ಅವರೊಡನೆ ಹೇಮಾವತಿಯ ಹಿನ್ನೀರಿನಲ್ಲಿ ಹುಟ್ಟು ಹಾಕಿದ ನೆನಪು.

ಮೂಡಿಗೆರೆ ಸೀಮೆಯಲ್ಲಿ ಹುಟ್ಟಿ ಬರುವ ಹೇಮಾವತಿಗೆ ಗೊರೂರಿನಲ್ಲಿ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಅದರ ಹಿನ್ನೀರಿನ ಅಂಚಿನಲ್ಲೇ ಶೆಟ್ಟಿಹಳ್ಳಿಯ ಹಳೆಯ ಇಗರ್ಜಿ ಇದೆ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಅದರ ಗೋಡೆಗಳು ಪ್ರತಿ ಮಳೆಗಾಲದಲ್ಲೂ ಅರ್ಧ ಮುಳುಗಿ, ಬೇಸಿಗೆಯಲ್ಲಿ ಮತ್ತೆ ಬಯಲಾಗುತ್ತವೆ. ನಾವು ಅದನ್ನು ನೋಡಿ ಕೂಗಾಡುತ್ತಿದ್ದರೆ ಮೇಷ್ಟ್ರು ಸುಮ್ಮನೆ ದೂರ ನೋಡುತ್ತಿದ್ದರು. ನೀರಿನಡಿ ಹೋದ ಊರುಗಳಲ್ಲಿ ಅವರ ತಾಯಿಯ ತವರೂ ಒಂದೆಂಬುದು ನಮಗೆ ತಿಳಿದದ್ದು ಬಹಳ ತಡವಾಗಿ, ಅದೂ ಬೇರೆಯವರ ಬಾಯಿಂದ.

ಆ ಕಾಲಕ್ಕೆ ಈ ಕಡೆಯ ಜನಕ್ಕೆ ಗೊತ್ತಿದ್ದುದು ಹರಿಗೋಲು. ಉತ್ತರ ಅಮೆರಿಕದ ಮೂಲನಿವಾಸಿಗಳು ಬರ್ಚ್ ಮರದ ತೊಗಟೆ ಹೊದಿಸಿ ಕಟ್ಟುತ್ತಿದ್ದ ಕನೂ ಎಂಬ ಉದ್ದನೆಯ, ಎರಡು ತುದಿಯೂ ಚೂಪಾದ ದೋಣಿಯನ್ನು, ಫೈಬರಿನದೇ ಆದರೂ, ನಾವು ಮೊದಲು ಕಂಡದ್ದು ಅವರ ಮೂಲಕ. ಇದರಲ್ಲಿ ಇಬ್ಬರು ಒಬ್ಬರ ಹಿಂದೊಬ್ಬರು ಕೂರಬೇಕು. ಮುಂದಿನವನು ವೇಗ ಕೊಟ್ಟರೆ ಹಿಂದಿನವನು ದಿಕ್ಕು ಹಿಡಿಯುತ್ತಾನೆ. ಒಂದೇ ಬದಿಯಲ್ಲಿ ಹುಟ್ಟು ಹಾಕುತ್ತ ಹೋದರೆ ದೋಣಿ ಇನ್ನೊಂದು ಬದಿಗೆ ತಿರುಗುತ್ತದೆ. ಆದ್ದರಿಂದ ಹಿಂದೆ ಕೂತವನು ಎಳೆತದ ಕೊನೆಯಲ್ಲಿ ಹುಟ್ಟಿನ ಅಲಗನ್ನು ಹೊರಳಿಸಿ ನೀರನ್ನು ತುಸು ಹೊರಕ್ಕೆ ತಳ್ಳಬೇಕು. ಇದನ್ನು ಅವರು ಮಾತಿನಲ್ಲಿ ವಿವರಿಸಿದ್ದು ನನಗೆ ನೆನಪಿಲ್ಲ. ನಮ್ಮ ಪಕ್ಕಕ್ಕೆ ದೋಣಿ ತಂದು, ನಾವು ನೋಡುವ ತನಕ ಅದನ್ನೇ ನಿಧಾನವಾಗಿ ಮಾಡುತ್ತಿದ್ದರು.

ಅವರ ದೋಣಿ ಯಾವಾಗಲೂ ಎಲ್ಲರಿಗಿಂತ ಹಿಂದೆ. ಮುಂದೆ ಹೋದವನಿಗೆ ನೀರು ಮಾತ್ರ ಕಾಣುತ್ತದೆ, ಹಿಂದಿದ್ದವನಿಗೆ ಮಕ್ಕಳೆಲ್ಲ ಕಾಣುತ್ತಾರೆ ಎಂಬ ಲೆಕ್ಕ ನಮಗೆ ಆಗ ಹೊಳೆಯದೆ, ಮೇಷ್ಟ್ರಿಗೆ ವಯಸ್ಸಾಯಿತೆಂದು ನಗುತ್ತಿದ್ದೆವು. ಒಂದು ಮಧ್ಯಾಹ್ನ ಎದುರುಗಾಳಿ ಎದ್ದು, ಮುಂದಿದ್ದ ಜೋಡಿಯ ದೋಣಿ ಅಡ್ಡಡ್ಡ ತಿರುಗತೊಡಗಿದಾಗ, ಹುಡುಗರು ಕೂಗಿಕೊಂಡರೂ ಅವರು ದನಿ ಏರಿಸಲಿಲ್ಲ. ಹತ್ತಿರ ಬಂದು, “ಚೀಲ ಎಲ್ಲ ಮುಂದಕ್ಕೆ ತಳ್ರಪ್ಪ, ಮಂಡಿ ಊರಿ ಕೂತ್ಕೊಳ್ಳಿ” ಎಂದರು, ಅಷ್ಟೇ. ಭಾರ ಮುಂದಕ್ಕೆ ಹೋದಂತೆ ದೋಣಿಯ ಮೂತಿ ಗಾಳಿಗೆ ನೆಟ್ಟಗಾಯಿತು. ದಡ ಸೇರಿದ ಮೇಲೆ ಬೈಗುಳವೂ ಇಲ್ಲ, ಬೋಧನೆಯೂ ಇಲ್ಲ. ಬುತ್ತಿಯ ಪುಳಿಯೋಗರೆ ಎಲ್ಲರಿಗೂ ಸಿಕ್ಕಿತೇ ಎಂದು ವಿಚಾರಿಸಿದರು.

ಅವರ ಮೌನವನ್ನು ಸಂಕೋಚದ ಸ್ವಭಾವವೆಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ತಮ್ಮ ದೋಣಿಯ ಮುಂದಿನ ಜಾಗಕ್ಕೆ ಅವರು ಯಾರನ್ನು ಕೂರಿಸಿಕೊಳ್ಳುತ್ತಿದ್ದರೆಂದು ಗಮನಿಸಿದವರಿಗೆ ಅದರ ಹಿಂದಿನ ಯೋಚನೆ ತಿಳಿಯುತ್ತಿತ್ತು: ಮನೆಯಲ್ಲಿ ಸಾವಾದವನು, ಪರೀಕ್ಷೆಯಲ್ಲಿ ನಪಾಸಾದವನು, ಸಕಲೇಶಪುರದ ಕಾಫಿ ತೋಟದ ಲೈನ್ ಮನೆಯಿಂದ ಹಾಸ್ಟೆಲಿಗೆ ಬಂದು ಯಾರೊಡನೆಯೂ ಬೆರೆಯದವನು. ಆ ದೋಣಿಯಲ್ಲಿ ಇಬ್ಬರೂ ಒಂದೇ ದಿಕ್ಕಿಗೆ ಮುಖ ಮಾಡಿ ಕೂರುತ್ತಾರೆ. ಮುಂದೆ ಕೂತ ಹುಡುಗ ಏನು ಹೇಳಿದರೂ, ಅತ್ತರೂ, ಅವನ ಮುಖ ಹಿಂದಿನವರಿಗೆ ಕಾಣುವುದಿಲ್ಲ. ಸ್ಟಾಫ್ ರೂಮಿನಲ್ಲಿ ಎದುರು ನಿಲ್ಲಿಸಿ ಕೇಳಿದ್ದರೆ ಬಾಯಿ ಬಿಡದಿದ್ದವರು ಅಲ್ಲಿ ತಾವಾಗಿಯೇ ಹೇಳಿಕೊಳ್ಳುತ್ತಿದ್ದರು. ನನ್ನ ತಂದೆ ತೀರಿಕೊಂಡ ವರ್ಷ ನಾನೂ ಆ ಜಾಗದಲ್ಲಿ ಕೂತಿದ್ದೆ. ಬಹಳ ಹೊತ್ತಿನ ಮೇಲೆ ಹಿಂದಿನಿಂದ ಬಂದದ್ದು, “ಫೀಸಿನ ವಿಷಯ ಮನೇಲಿ ಎತ್ತಬೇಡ, ನಾನು ಮಾತಾಡಿದೀನಿ” ಎಂಬ ಒಂದೇ ಮಾತು. ಯಾರೊಡನೆ ಮಾತಾಡಿದ್ದರೋ ಇಂದಿಗೂ ಗೊತ್ತಿಲ್ಲ. ಆ ವರ್ಷ ಫೀಸು ಕಟ್ಟೆಂದು ನನ್ನನ್ನು ಯಾರೂ ಕೇಳಲಿಲ್ಲ.

ಈಗ ಅವರ ಹೆಸರಿನಲ್ಲಿ ಒಂದು ಚಿನ್ನದ ಪದಕ ಇಡಬೇಕೆಂದು ಹಳೆಯ ವಿದ್ಯಾರ್ಥಿಗಳಲ್ಲಿ ಮಾತು ನಡೆದಿದೆ. ಮೊದಲು ಬಂದವನಿಗೆ ಕೊಡುವ ಪದಕಕ್ಕೆ, ಬೇಕೆಂದೇ ಕೊನೆಯಲ್ಲಿ ಬರುತ್ತಿದ್ದವರ ಹೆಸರೇ? ಶಾಲೆಯಲ್ಲಿರುವ ಲೈಫ್ ಜಾಕೆಟ್‌ಗಳೆಲ್ಲ ದೊಡ್ಡವರ ಅಳತೆಯವು. ಐದನೆಯ, ಆರನೆಯ ತರಗತಿಯ ಮಕ್ಕಳು ಕೈ ಎತ್ತಿದರೆ ಅವು ಕಿವಿಯವರೆಗೆ ಏರುತ್ತವೆ, ಆ ಕಾರಣಕ್ಕೇ ಮೇಷ್ಟ್ರು ಆ ಮಕ್ಕಳನ್ನು ದಡದಲ್ಲಿ ಉಳಿಸುತ್ತಿದ್ದರು. ಪದಕದ ಹಣದಲ್ಲಿ ಚಿಕ್ಕ ಅಳತೆಯ ಜಾಕೆಟ್‌ಗಳನ್ನು ತರಿಸೋಣ ಎಂಬುದು ನನ್ನ ಸೂಚನೆ. ಒಪ್ಪುವವರು ಮುಖ್ಯೋಪಾಧ್ಯಾಯರಿಗೆ ಪತ್ರ ಬರೆಯಬೇಕೆಂದು ಕೋರುತ್ತೇನೆ. ನವೆಂಬರಿನ ಮೊದಲ ಶನಿವಾರಕ್ಕೆ ಮುಂಚೆ ಅವು ಶಾಲೆ ತಲುಪಿದರೆ ಒಳ್ಳೆಯದು.