ಮರೆವು ಅಂದುಕೊಂಡಿದ್ದೆ, ಅದು ಕಿವಿಯ ತೊಂದರೆ

ಪ್ರತಿ ಭಾನುವಾರ ಅಮ್ಮನಿಗೆ ವಿಡಿಯೊ ಕಾಲ್ ಮಾಡುತ್ತೇನೆ. ಒಂದು ವರ್ಷದಿಂದ ಅವಳ ಮಾತು ಕಡಿಮೆಯಾಗುತ್ತಾ ಬಂದಿತ್ತು. ಏನು ಹೇಳಿದರೂ ಹೂಂ, ಹೂಂ. ಮಗುವಿಗೆ ಜ್ವರ ಅಂದರೂ ನಗುತ್ತಲೇ ಹೂಂ. ಹಿಂದಿನ ವಾರದ ಮಾತು ತೆಗೆದರೆ "ಅದನ್ನ ಯಾವಾಗ ಹೇಳಿದೆ?" ಅನ್ನುತ್ತಿದ್ದಳು. ಮರೆವಿನ ಕಾಯಿಲೆ ಶುರುವಾಯಿತೇನೋ ಅಂತ ಎದೆ ಧಸಕ್ಕೆಂದಿತು. ಒಂದು ಸುಡೊಕು ಪುಸ್ತಕ ಕಳಿಸಿದೆ. ದೂರದಿಂದ ಇನ್ನೇನು ಮಾಡಬೇಕೋ ತೋಚಲಿಲ್ಲ.

ನಾನಿರುವುದು ಫಿನ್ಲೆಂಡಿನಲ್ಲಿ. ಪಕ್ಕದ ಮನೆಯ ಅಜ್ಜಿಗೆ 82 ವರ್ಷ. ಕನ್ನಡಕದಷ್ಟೇ ಸಲೀಸಾಗಿ ಕಿವಿಗೆ ಮಿಷನ್ ಹಾಕಿಕೊಳ್ಳುತ್ತಾರೆ. ಅಮ್ಮನ ವಿಷಯ ಹೇಳಿಕೊಂಡಾಗ ಅವರು ಕೇಳಿದ್ದು ಒಂದೇ: "ಕಿವಿ ತೋರಿಸಿದ್ದೀರಾ?"

ತೋರಿಸಿರಲಿಲ್ಲ. ಅಕ್ಕ ಕರೆದುಕೊಂಡು ಹೋದಳು. ಎರಡೂ ಕಿವಿ ಮಂದವಾಗಿದ್ದವು. ಕಿವಿಗೇ ಬೀಳದ ಮಾತು ನೆನಪಿನಲ್ಲಿ ಉಳಿಯುವುದಾದರೂ ಹೇಗೆ?

ಕಿವಿ ಮಂದವಾದರೆ ಮೆದುಳು ಒಂದೊಂದು ಪದ ಹಿಡಿಯುವುದಕ್ಕೂ ಒದ್ದಾಡಬೇಕು. ಸುಸ್ತಾಗುತ್ತದೆ. ಮೆಲ್ಲಗೆ ನಾಲ್ಕು ಜನರ ನಡುವೆ ಕೂರುವುದನ್ನೇ ಬಿಟ್ಟುಬಿಡುತ್ತಾರೆ. ಹೀಗೆ ಒಂಟಿಯಾಗುವುದೂ ಮೆದುಳಿಗೆ ಒಳ್ಳೆಯದಲ್ಲ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಬರುವ ಅಪಾಯ ಹೆಚ್ಚಿಸುವ 14 ಅಂಶಗಳನ್ನು ಪಟ್ಟಿ ಮಾಡಿತು, ಎಲ್ಲವೂ ನಾವು ಸರಿಪಡಿಸಬಹುದಾದಂಥವು. ಅವುಗಳಲ್ಲಿ ಕಿವಿ ಮಂದವಾಗುವುದೂ ಇದೆ, ಜನರಿಂದ ದೂರವಾಗಿ ಒಂಟಿಯಾಗುವುದೂ ಇದೆ. ಬಿಪಿ, ಶುಗರ್, ಸಿಗರೇಟು, ಚಿಕಿತ್ಸೆ ಮಾಡಿಸದ ಕಣ್ಣಿನ ತೊಂದರೆಯೂ ಇವೆ.

ಇಲ್ಲಿ ಫಿಂಗರ್ ಅಂತ ಒಂದು ಅಧ್ಯಯನ ನಡೆದಿತ್ತು. ಡಿಮೆನ್ಷಿಯಾ ಬರುವ ಅಪಾಯ ಜಾಸ್ತಿ ಇದ್ದ, 60ರಿಂದ 77 ವಯಸ್ಸಿನ 1,260 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಬರೀ ಸಲಹೆ. ಇನ್ನೊಂದಕ್ಕೆ ಎರಡು ವರ್ಷ ಒಳ್ಳೆಯ ಊಟ, ವ್ಯಾಯಾಮ, ಮೆದುಳಿಗೆ ಕಸರತ್ತು, ಬಿಪಿ ತಪಾಸಣೆ, ಎಲ್ಲ ಒಟ್ಟಿಗೆ. 2015ರಲ್ಲಿ ಫಲಿತಾಂಶ ಬಂದಾಗ ಎರಡನೆಯ ಗುಂಪಿನವರು ನೆನಪು, ಯೋಚನೆಗಳ ಪರೀಕ್ಷೆಯಲ್ಲಿ ಮುಂದಿದ್ದರು. ಸುಡೊಕು ಒಂದೇ ಸಾಲದು ಅಂತ ನನಗೆ ಅರ್ಥವಾಗಿದ್ದು ಇದನ್ನು ಓದಿದ ಮೇಲೇ.

ನಿಮ್ಮ ಮನೆಯ ಹಿರಿಯರು ಮರೆಯುತ್ತಿದ್ದರೆ, ವಯಸ್ಸಾಯ್ತು ಅಂತ ಸುಮ್ನೆ ಕೂರಬೇಡಿ. ಕಿವಿ, ಕಣ್ಣು ತೋರಿಸಿ. ಬಿ12, ಥೈರಾಯ್ಡ್ ಪರೀಕ್ಷೆ ಮಾಡಿಸಿ. ಮನಸ್ಸು ಕುಗ್ಗಿದ್ದರೂ ಅದು ಮರೆವಿನ ಹಾಗೇ ಕಾಣಿಸುತ್ತದೆ. ಇವಕ್ಕೆಲ್ಲ ಚಿಕಿತ್ಸೆ ಇದೆ.

ಅಮ್ಮ ಮೊದಲ ವಾರ ಮಿಷನ್ ತೆಗೆದು ಡ್ರಾಯರಿಗೆ ಹಾಕಿದ್ದಳು. ನಲ್ಲಿ ನೀರಿನ ಸದ್ದೂ ಜಾಸ್ತಿ ಅಂತೆ. ಅಕ್ಕ ದಿನಕ್ಕೆ ಒಂದು ಗಂಟೆ, ಆಮೇಲೆ ಎರಡು ಗಂಟೆ ಅಂತ ರೂಢಿ ಮಾಡಿಸಿದಳು. ಮೊನ್ನೆ ಭಾನುವಾರ ನನ್ನ ಮಾತನ್ನು ಅರ್ಧಕ್ಕೇ ತಡೆದು ಕೇಳಿದಳು: "ಅದೇನದು, ನಿನ್ನ ಹಿಂದೆ ಟಿಕ್ ಟಿಕ್ ಅಂತಿದೆ?"

ನನ್ನ ಕೋಣೆಯ ಗೋಡೆ ಗಡಿಯಾರ.