ನಲವತ್ತೊಂದು ಜನರ ವಿಮೆ

ಎರಡು ವರ್ಷದ ಹಿಂದೆ ಒಂದು ರಾತ್ರಿ ನಮ್ಮ ಗುಂಪಿಗೆ ಒಂದು ಎಕ್ಸ್‌ರೇ ಬಂತು. ಬಲಗೈ ಮಣಿಕಟ್ಟು. ಮೂಳೆಯ ಮೇಲೆ ಕೂದಲೆಳೆಯಷ್ಟು ತೆಳ್ಳಗೆ ಒಂದು ಓರೆ ಗೆರೆ. ಕೆಳಗೆ ಬರೆದಿದ್ದು ಇಷ್ಟೇ: "ಮೆಟ್ಟಿಲಲ್ಲಿ ಜಾರಿದೆ. ಆರು ವಾರ ಪ್ಲಾಸ್ಟರ್ ಅಂತೆ. ಚಿತ್ರ ಬರೆಯೋದೇ ನನ್ನ ಕೆಲಸ." ಎಡಗೈಯಲ್ಲಿ ಟೈಪ್ ಮಾಡಿದ್ದರು, ಅಕ್ಷರಕ್ಕೊಂದು ತಪ್ಪು. ಆ ಮನುಷ್ಯನನ್ನು ನಾನು ಒಂದು ಸಲವೂ ನೋಡಿಲ್ಲ. ಅವರ ಕ್ಲೇಮ್‌ಗೆ ಹೂಂ ಅನ್ನಬೇಕಾದವರಲ್ಲಿ ನಾನೂ ಒಬ್ಬಳು.

ನಾನು ಮನೆಯಲ್ಲೇ ಕೂತು ಅನುವಾದ ಮಾಡುವವಳು. ಕೆಲಸ ಮಾಡಿದ ದಿನಕ್ಕೆ ಮಾತ್ರ ದುಡ್ಡು. ಜ್ವರ ಬಂದು ಮಲಗಿದರೆ ಆ ವಾರ ಸೊನ್ನೆ. ನಮ್ಮಂಥ 41 ಜನ ಆನ್‌ಲೈನ್‌ನಲ್ಲೇ ಸೇರಿ ಕಟ್ಟಿಕೊಂಡ ಗುಂಪು ಇದು. ಪ್ರತಿ ತಿಂಗಳು ಎಲ್ಲರೂ ತಮ್ಮ ತಮ್ಮ ಖಾತೆಯಲ್ಲೇ ಒಂದಿಷ್ಟು ಎತ್ತಿಡುತ್ತೇವೆ. ಯಾರಾದರೂ ಹಾಸಿಗೆ ಹಿಡಿದರೆ ಒಬ್ಬೊಬ್ಬರೂ ಸಣ್ಣದೊಂದು ಪಾಲು ಕಳಿಸುತ್ತೇವೆ. ಉಪಾಯ ನಮ್ಮದಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ಸ್ವಂತ ಕೆಲಸ ಮಾಡುವವರು 2006ರಿಂದ ಹೀಗೇ ನಡೆಸುತ್ತಿದ್ದಾರೆ. ಬ್ರೋಡ್‌ಫೊಂಡ್ಸ್ ಅಂತಾರೆ, ಅಂದರೆ ರೊಟ್ಟಿಯ ನಿಧಿ. ಒಂದು ಗುಂಪಿಗೆ 20ರಿಂದ 50 ಜನ. ಕಾಯಿಲೆ ಬಿದ್ದವರಿಗೆ ಹೆಚ್ಚೆಂದರೆ ಎರಡು ವರ್ಷ ಉಳಿದವರ ಆಸರೆ.

ಆ ರಾತ್ರಿ ಹೂಂ ಅಂದು ನನ್ನ ಪಾಲು ಕಳಿಸಿದೆ. ವಿಮೆ ಕಂಪನಿಗೆ ವರ್ಷಗಟ್ಟಲೆ ಪ್ರೀಮಿಯಂ ಕಟ್ಟಿದ್ದೇನೆ, ಆದರೆ ಆ ದುಡ್ಡು ಯಾರ ಮನೆಗೆ ಹೋಯಿತು ಅಂತ ಅದುವರೆಗೂ ಗೊತ್ತಿರಲಿಲ್ಲ. ಈ ಸಲ ಗೊತ್ತಾಯಿತು. ಏಳನೇ ವಾರ ಅವರು ಒಂದು ಚಿತ್ರ ಕಳಿಸಿದರು. ಕಿಟಕಿ ಪಕ್ಕ ಒಂದು ಕುರ್ಚಿ. ಗೆರೆ ಇನ್ನೂ ನಡುಗುತ್ತಿತ್ತು.

ವಿಮೆ ಕಂಪನಿಗಳ ಕಷ್ಟ ಇರುವುದು ಇಲ್ಲೇ ಅಂತ ನನಗನಿಸುತ್ತದೆ. ಕ್ಲೇಮ್ ಕೊಟ್ಟಷ್ಟೂ ಅವರಿಗೆ ಉಳಿಯುವುದು ಕಡಿಮೆ. ಕಟ್ಟಿದವರಿಗೋ, ಹೇಗೂ ಕಟ್ಟಿದ್ದೇನೆ, ಸ್ವಲ್ಪ ಜಾಸ್ತಿ ಬರೆದರೆ ಏನಾಯಿತು ಅನ್ನುವ ಭಾವನೆ. ಎರಡೂ ಕಡೆ ಅನುಮಾನ. ಬರ್ಲಿನ್ನಿನ ಫ್ರೆಂಡ್‌ಶೂರೆನ್ಸ್ ಅನ್ನುವ ಕಂಪನಿ 2010ರಲ್ಲಿ ಇದಕ್ಕೊಂದು ದಾರಿ ಹುಡುಕಿತು. ಗ್ರಾಹಕರ ಸಣ್ಣ ಸಣ್ಣ ಗುಂಪು ಮಾಡಿ, ಪ್ರೀಮಿಯಂನ ಒಂದು ಭಾಗವನ್ನು ಗುಂಪಿನ ಹೆಸರಲ್ಲೇ ಇಟ್ಟರು. ಚಿಕ್ಕಪುಟ್ಟ ಕ್ಲೇಮ್ ಅದರಿಂದ, ದೊಡ್ಡದಾದರೆ ವಿಮೆ ಕಂಪನಿಯಿಂದ. ವರ್ಷದ ಕೊನೆಗೆ ಉಳಿದದ್ದು ಗುಂಪಿನವರಿಗೇ ವಾಪಸ್. ದೊಡ್ಡ ಹೊಡೆತಕ್ಕೆ ಹಿಂದೆ ಇನ್ನೊಬ್ಬರು ನಿಂತಿದ್ದರಲ್ಲ, ಅದು ಜಾಣತನ. ನಲವತ್ತು ಜನರಲ್ಲಿ ಒಂದೇ ವರ್ಷ ಐವರು ಬಿದ್ದರೆ ಗುಂಪೇ ಕುಸಿಯಬಹುದು. ನಮಗೆ ಆ ಬೆನ್ನಾಸರೆ ಇಲ್ಲ. ನನ್ನನ್ನು ಜಾಸ್ತಿ ಕಾಡುವುದು ಅದೇ.

ಹಾಗಂತ ಜನ ಸೇರಿಸುತ್ತಾ ಹೋದರೆ ಸರಿಹೋಗುತ್ತಾ? ಚೀನಾದಲ್ಲಿ ಶಿಯಾಂಗ್ ಹು ಬಾವೊ ಅನ್ನುವ ಇಂಥದ್ದೇ ಯೋಜನೆ 2018ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಅಲಿಪೇ ಅನ್ನುವ ಹಣ ಪಾವತಿ ಆ್ಯಪ್‌ನಲ್ಲಿ ಸೇರಲು ಮುಂಗಡ ಏನೂ ಕೊಡಬೇಕಿರಲಿಲ್ಲ. ದೊಡ್ಡ ಕಾಯಿಲೆ ಬಂದವರ ಖರ್ಚನ್ನು ಆಮೇಲೆ ಎಲ್ಲರಿಗೂ ಹಂಚುತ್ತಿದ್ದರು. ಸುಮಾರು ಒಂದು ವರ್ಷದಲ್ಲಿ 10 ಕೋಟಿ ಜನ! ಆದರೆ ಕಾಯಿಲೆಯವರು ಹೆಚ್ಚಾದ ಹಾಗೆ ತಲೆಗೆ ಬೀಳುವ ಪಾಲೂ ಏರಿತು. ಪಾಲು ಏರಿದರೆ ಮೊದಲು ಹೊರಡುವವರು ಗಟ್ಟಿಮುಟ್ಟಾದ ಎಳೆಯರು. ಅವರು ಹೋದರೆ ಉಳಿದವರ ಪಾಲು ಇನ್ನೂ ಏರುತ್ತದೆ. ಸರ್ಕಾರದ ಬಿಗಿಯೂ ಜೊತೆಗೆ ಸೇರಿ 2022ರ ಜನವರಿಯಲ್ಲಿ ಅದು ಮುಚ್ಚಿತು. ಕಟ್ಟುತ್ತಾ ಬಂದು, ಇನ್ನೂ ಕಾಯಿಲೆ ಬರದಿದ್ದವರನ್ನು ನೆನೆದರೆ ಸಂಕಟವಾಗುತ್ತದೆ.

ಸಣ್ಣ ಗುಂಪಿನ ಕಷ್ಟವೇ ಬೇರೆ. ಕಳೆದ ವರ್ಷ ಒಬ್ಬರು ಬೆನ್ನುನೋವಿನ ಕ್ಲೇಮ್ ಹಾಕಿದರು. ವೈದ್ಯರ ಚೀಟಿಯಲ್ಲಿ ನೋವು ಶುರುವಾದ ತಿಂಗಳು ಬರೆದಿತ್ತು. ಅವರು ನಮ್ಮ ಜೊತೆ ಸೇರುವುದಕ್ಕೆ ನಾಲ್ಕು ತಿಂಗಳು ಮುಂಚೆ. ಸೇರುವಾಗ ಹೇಳಿರಲಿಲ್ಲ. ಕೊಡಬೇಕು ಅಂದವರು 17, ಬೇಡ ಅಂದವರು 22. ಬೇಡ ಅಂದವರಲ್ಲಿ ನಾನೂ ಇದ್ದೆ. ಬಟನ್ ಒತ್ತುವ ಮೊದಲು ಫೋನನ್ನು ಮೂರು ಸಲ ಮೇಜಿನ ಮೇಲಿಟ್ಟು ಮತ್ತೆ ಎತ್ತಿಕೊಂಡಿದ್ದೆ. ಕಂಪನಿಯಲ್ಲಾದರೆ ಇಂಥ ಬೇಡವನ್ನು ಸಂಬಳ ತೆಗೆದುಕೊಳ್ಳುವ ಯಾರೋ ಹೇಳುತ್ತಾರೆ. ಇಲ್ಲಿ ನಾವೇ ಹೇಳಬೇಕು, ಹೇಳಿ ಮರುದಿನ ಅದೇ ಗುಂಪಿನಲ್ಲಿ ಅವರ ಜೊತೆ ಮಾತಾಡಬೇಕು.

ಆಮೇಲೆ ನಾನೇ ಅವರಿಗೆ ಫೋನ್ ಮಾಡಿದೆ. "ಮೇಡಂ, ನಾನೂ ಬೇಡ ಅಂದವಳು" ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. "ಕೇಳಿದ್ರೆ ಹೇಳ್ತಿದ್ದೆ ಕಣ್ರೀ. ಫಾರ್ಮಲ್ಲಿ ಆ ಪ್ರಶ್ನೆನೇ ಇರ್ಲಿಲ್ಲ" ಅಂದರು.

ನಿಜ, ಇರಲಿಲ್ಲ. ನಂಬಿಕೆಯ ಮೇಲೆ ಕಟ್ಟಿದ ಗುಂಪು, ಇದನ್ನೆಲ್ಲ ಕೇಳಿದರೆ ಚೆನ್ನಾಗಿರಲ್ಲ ಅಂತ ನಾವೇ ಬಿಟ್ಟಿದ್ದೆವು. ತಪ್ಪು ಅವರಿಗಿಂತ ನಮ್ಮದೇ ಜಾಸ್ತಿ. ಈಗ ಫಾರ್ಮಿನಲ್ಲಿ ಆ ಪ್ರಶ್ನೆ ಇದೆ. ಸೇರಿದ ಮೇಲೆ ಆರು ತಿಂಗಳು ಕ್ಲೇಮ್ ಇಲ್ಲ ಅನ್ನುವ ನಿಯಮವೂ ಬಂದಿದೆ. ಹಳೆಯ ನೋವಿಗೆ ಅರ್ಧ ಪಾಲು ಕೊಡೋಣ ಅಂತ ಇನ್ನೊಂದು ಸಾಲು ಸೇರಿಸಲು ಕೇಳಿದ್ದೇನೆ. ಭಾನುವಾರ ಅದರ ಮೇಲೆ ಮತ. ಹೊಸದಾಗಿ 20 ಜನರನ್ನು ಸೇರಿಸುವ ಮಾತೂ ಅವತ್ತೇ ಇದೆ. ಅವರು ಬೇರೆ ಗುಂಪು ಕಟ್ಟಿಕೊಳ್ಳಲಿ, ದೊಡ್ಡ ಹೊಡೆತ ಬಿದ್ದಾಗ ಮಾತ್ರ ಎರಡೂ ಗುಂಪು ಹಂಚಿಕೊಳ್ಳೋಣ ಅನ್ನುವುದು ನನ್ನ ಮಾತು. ಬೆನ್ನುನೋವಿನ ಮೇಡಂ ಗುಂಪು ಬಿಟ್ಟು ಹೋಗಲಿಲ್ಲ. ಭಾನುವಾರ ಅವರೂ ಇರುತ್ತಾರೆ.